ಎರಡರಿಂದ ಮೂರು ಗಂಟೆಯ ಕ್ಲಾಸು

"ನಾಳೆಯಿಂದ ನೀನೇ ಮೇಷ್ಟ್ರು ಕಣಯ್ಯ" ಎಂದು ಮ್ಯಾನೇಜರು ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಮೇಷ್ಟ್ರು ಎಂದರೆ ಅದು ತಮಾಷೆಯಾಗಿರಬೇಕು, ಇಲ್ಲವೇ ಬೈಗುಳವಾಗಿರಬೇಕು. ಅವರ ಮುಖ ನೋಡಿದರೆ ಎರಡೂ ಅಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ನಲವತ್ತು ಜನರ ಮೆಷಿನ್ ಶಾಪು, ನಾನು ಅಲ್ಲಿನ ಮೇಸ್ತ್ರಿ. ದೊಡ್ಡ ಕಾರ್ಖಾನೆಯೊಂದಕ್ಕೆ ಪಿನ್ನು, ಬುಷ್ಷು ಮಾಡಿ ಕಳಿಸುತ್ತಿದ್ದೆವು. ಪಿನ್ನು ಎಂದರೆ ಹೆಬ್ಬೆರಳಿಗಿಂತ ದಪ್ಪನೆಯ ಉಕ್ಕಿನ ಗುಂಡು ಕಡ್ಡಿ, ಮೂವತ್ತೆರಡು ಮಿಲಿಮೀಟರು. ಬುಷ್ಷು ಎಂದರೆ ಆ ಪಿನ್ನು ಒಳಗೆ ಕೂರುವ ಬಳೆ. ಪಿನ್ನಿಗೆ ಎಣ್ಣೆ ಸವರಿ ಬುಷ್ಷಿನ ಬಾಯಿಗಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿಯಬೇಕು. ತಳ್ಳಬೇಕಾದರೆ ಬಿಗಿ, ಟಕ್ಕನೆ ಬಿದ್ದರೆ ಸಡಿಲ. ಮೈಕ್ರೋಮೀಟರಿನ ಮೇಲೆ ಒಂದು ಗೀಟು ಎಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ನಮ್ಮ ಮರ್ಯಾದೆಯೆಲ್ಲ ಒಂದೆರಡು ಗೀಟಿನೊಳಗೆ ಇತ್ತು.

ಆ ವರ್ಷ ಊರಲ್ಲೆಲ್ಲ ಭಾಷೆಯ ಗಲಾಟೆ. ನಮ್ಮಲ್ಲಿ ಅರ್ಧ ಜನ ಕನ್ನಡದವರು, ಅರ್ಧ ಜನ ತಮಿಳರು. ಒಂದು ದಿನ ಟೀ ಹೊತ್ತಿನಲ್ಲಿ ಟ್ರಾನ್ಸಿಸ್ಟರಿನಲ್ಲಿ ಯಾವ ಹಾಡು ಹಾಕಬೇಕು ಎಂದು ಶುರುವಾದದ್ದು ಸ್ಪ್ಯಾನರು ಬೀಸುವವರೆಗೆ ಹೋಯಿತು. ಒಬ್ಬನ ತಲೆಗೆ ಆರು ಹೊಲಿಗೆ ಬಿತ್ತು. ಮ್ಯಾನೇಜರು ಮಾರನೇ ದಿನವೇ ಎರಡು ಪಾಲು ಮಾಡಿಬಿಟ್ಟರು. ಕನ್ನಡದವರು ಬೆಳಗಿನ ಶಿಫ್ಟು, ಪಿನ್ನಿನ ಕೆಲಸ. ತಮಿಳರು ಮಧ್ಯಾಹ್ನದ ಶಿಫ್ಟು, ಬುಷ್ಷಿನ ಕೆಲಸ. ಮುಖ ನೋಡದಿದ್ದರೆ ಜಗಳ ಇರುವುದಿಲ್ಲ ಎಂಬುದು ಅವರ ಲೆಕ್ಕ. ನನಗೂ ಅದೇ ಸರಿ ಅನ್ನಿಸಿತ್ತು.

ಆಯುಧಪೂಜೆಯೂ ಆ ಸಲ ಎರಡಾಯಿತು. ಅಲ್ಲಿಯವರೆಗೆ ಪೂಜೆ ಮಾಡುತ್ತಿದ್ದವರು ಬುಷ್ಷಿನ ತೂತು ಕೊರೆಯುವ ನಮ್ಮ ಹಿರಿಯ ಬೋರಿಂಗ್ ಕೆಲಸಗಾರರು. ಕೋಲಾರದ ಗಣಿ ಕಡೆಯಿಂದ ಬಂದ ತಮಿಳರು, ಐವತ್ತು ದಾಟಿದವರು. ನಾವೆಲ್ಲರೂ, ಕನ್ನಡದವರೂ, ಅವರನ್ನು ಪೆರಿಯವರು, ಅಂದರೆ ದೊಡ್ಡವರು, ಎಂದೇ ಕರೆಯುತ್ತಿದ್ದೆವು. ಗಲಾಟೆ ಆದಮೇಲೆ ನಮ್ಮವರ ಬಾಯಲ್ಲಿ ಅವರು "ಆ ಬೋರಿಂಗಿನವನು" ಆದರು. ನಾನು ಏನೆಂದೂ ಕರೆಯುವುದನ್ನು ಬಿಟ್ಟೆ. ಅವರು ಅತ್ತ ಬೋರಿಂಗ್ ಮೆಷಿನ್ನಿನ ಮುಂದೆ ಒಂದು ಬೂದುಗುಂಬಳಕಾಯಿ ಒಡೆದರು, ನಮ್ಮವರು ಇತ್ತ ಲೇತುಗಳ ಮುಂದೆ ಅದಕ್ಕಿಂತ ದೊಡ್ಡದನ್ನು ಒಡೆದರು. ಅವರದಕ್ಕಿಂತ ನಮ್ಮದು ಜೋರಾಗಿ ಆಗಬೇಕು ಎಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಗಂಧ, ಕುಂಕುಮ, ಹೂವು. ನಾನೂ ನಿಂತು ಮಾಡಿಸಿದೆ.

ತಿಂಗಳೊಪ್ಪತ್ತಿಗೆ ದೊಡ್ಡ ಕಾರ್ಖಾನೆಯಿಂದ ಕಾಗದ ಬಂತು. ನೀವು ಕಳಿಸಿದ ಪಿನ್ನು ಬುಷ್ಷು ಕೂಡುತ್ತಿಲ್ಲ, ಸಡಿಲ. ಮಾಲು ಅವರ ಹತ್ತಿರವೇ ಇತ್ತು, ನಮಗೆ ಬಂದದ್ದು ಕಾಗದ ಮಾತ್ರ. ಮ್ಯಾನೇಜರು ನನ್ನನ್ನು ಕೇಳಿದರು. ನಾನು ಎದೆ ಸೆಟೆಸಿ ಹೇಳಿದೆ, "ಪಿನ್ನು ನಾನೇ ಅಳೆದಿದ್ದೀನಿ ಸಾರ್. ನನ್ನ ಮೈಕ್ರೋಮೀಟರು ಸುಳ್ಳು ಹೇಳಲ್ಲ. ಬುಷ್ಷೇ ದೊಡ್ಡದಾಗಿರಬೇಕು."

ಆ ಮೈಕ್ರೋಮೀಟರಿನ ಬಗ್ಗೆ ಒಂದು ಮಾತು. ಶಾಪಿನದಲ್ಲ, ಅದು ನನ್ನ ಸ್ವಂತದ್ದು. ಮರದ ಪೆಟ್ಟಿಗೆಯಲ್ಲಿ ಮೆತ್ತನೆ ಬಟ್ಟೆ ಸುತ್ತಿ ಇಡುತ್ತಿದ್ದೆ, ಇನ್ನೊಬ್ಬರು ಮುಟ್ಟಿದರೆ ಸಿಟ್ಟು ಬರುತ್ತಿತ್ತು. ಅಕ್ಷರ ಕಲಿತವರಿಗೆ ಸರ್ಟಿಫಿಕೇಟು ಹೇಗೋ ನನಗೆ ಆ ಪೆಟ್ಟಿಗೆ ಹಾಗೆ. ಅದು ಸರಿಯಿದೆಯೇ ಎಂದು ನೋಡಲು ಜೊತೆಯಲ್ಲಿ ಬಂದಿದ್ದ ಇಪ್ಪತ್ತೈದು ಮಿಲಿಮೀಟರಿನ ಅಳತೆ ಕಡ್ಡಿ ಎಲ್ಲೋ ಕಳೆದುಹೋಗಿ ವರ್ಷಗಳಾಗಿದ್ದವು. ಹೊಸದು ಬೇಕು ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಬುಷ್ಷಿನ ತೂತನ್ನು ನೋಡುವುದು ಗೇಜಿನಿಂದ. ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡನೇ ತುದಿಯನ್ನು ಹಾಕಿಯೇ ನೋಡದೆ ಮಾಲು ಪಾಸು ಮಾಡಿದ್ದಾರೆ ಎಂದು ಪೆರಿಯವರ ಮೇಲೆ ಚಾರ್ಜ್‌ಶೀಟು ಹೊರಟಿತು. ಆಧಾರ ನನ್ನ ಮಾತು. ವಿಚಾರಣೆಗೆ ಮೂರು ವಾರ. ತಪ್ಪು ಸಾಬೀತಾದರೆ ಮನೆಗೆ. ಆ ವಯಸ್ಸಿಗೆ ಕೆಟ್ಟ ಹೆಸರು ಹೊತ್ತವರನ್ನು ಪೀಣ್ಯದಲ್ಲಿ ಯಾರೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ತಮಿಳರು ಕೆಲಸ ನಿಲ್ಲಿಸುತ್ತೇವೆ ಎಂದರು. ನಮ್ಮವರು ನಿಲ್ಲಿಸಿ ನೋಡೋಣ ಎಂದರು.

ಮ್ಯಾನೇಜರು ಯಾವುದೋ ಸಭೆಗೆ ಹೋಗಿ ಅಲ್ಲಿ ಮಾತಾಡಿದ ಕಾಲೇಜಿನ ಮೇಡಂ ಒಬ್ಬರನ್ನು ಕರೆತಂದದ್ದು ಆಗ. ಶಿಫ್ಟುಗಳ ನಡುವೆ, ಮಧ್ಯಾಹ್ನ ಎರಡರಿಂದ ಮೂರರವರೆಗೆ, ಎರಡೂ ಕಡೆಯ ಆರಾರು ಜನಕ್ಕೆ ಒಂದೇ ಕ್ಲಾಸು. ಹಿಂದಿನ ಪ್ಯಾಕಿಂಗ್ ಶೆಡ್ಡಿನಲ್ಲಿ ಮರದ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟೆವು. ಬಂದವರು ಪೆಟ್ಟಿಗೆಗಳನ್ನು ಎಳೆದು ಎರಡು ಗುಂಪು ಮಾಡಿಕೊಂಡು ಕೂತರು. ನಡುವೆ ಒಂದು ಕೈಗಾಡಿ ಹೋಗುವಷ್ಟು ಜಾಗ.

ಮೇಡಂ ಒಳ್ಳೆಯವರು. ಜೊತೆಯಲ್ಲಿ ಕಲಿತ ಜನಕ್ಕೆ ಒಬ್ಬರ ಮೇಲೊಬ್ಬರಿಗೆ ಭಯ ಕಡಿಮೆಯಾಗುತ್ತದೆ ಎಂದರು. ಆ ಕಡೆಯವರಲ್ಲಿ ನೀವು ಕಂಡ ಒಂದು ಒಳ್ಳೆಯ ಗುಣ ಹೇಳಿ ಎಂದು ಕೇಳಿದರು. ನಮ್ಮ ಕಡೆಯಿಂದ ನಾಗಸಂದ್ರದ ಟರ್ನರು, ಲೇತಿನ ಮೇಲೆ ಪಿನ್ನು ತಿರುವುವವನು, ಎದ್ದ. ಕಾರ್ಖಾನೆಗಳು ಎದ್ದ ಜಾಗದಲ್ಲಿ ಒಂದು ಕಾಲಕ್ಕೆ ಅವನ ಅಪ್ಪ ರಾಗಿ ಬೆಳೆದಿದ್ದ. ಈಗ ಅವರ ಮನೆಯ ಹಿಂದಿನ ಸಾಲು ಕೋಣೆಗಳಲ್ಲಿ ಬಾಡಿಗೆಗಿದ್ದವರು ತಮಿಳರೇ.

"ಬಾಡ್ಗೆ ಸರ್ಯಾಗ್ ಕೊಡ್ತವ್ರೆ ಮೇಡಂ. ಅದೊಂದ್ ಒಪ್ಕೊಬೇಕು."

ಅವನ ಬಾಡಿಗೆದಾರನೇ ಆದ ಡ್ರಿಲ್ಲಿಂಗಿನವನು ಆ ಕಡೆಯಿಂದ, "ಇವ್ರ ಮನೆ ಬಾವಿ ನೀರು ತುಂಬ ಸಿಹಿ ಮೇಡಂ. ಅದಕ್ಕೇ ಬೀಗ ಹಾಕ್ತಾರೆ" ಎಂದ.

ಎರಡು ಕಡೆಯೂ ನಕ್ಕರು. ಆದರೆ ಒಟ್ಟಿಗೆ ನಗಲಿಲ್ಲ, ಒಂದು ಕಡೆಯದು ಮುಗಿದ ಮೇಲೆ ಇನ್ನೊಂದು ಕಡೆಯದು. ಮೇಡಂ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇನ್ಮೇಲೆ ನೀವೇ ನಡೆಸಿಕೊಂಡು ಹೋಗಿ. ಏನು ಕಲಿಸ್ತೀರಿ ಅನ್ನೋದು ಅಷ್ಟು ಮುಖ್ಯ ಅಲ್ಲ. ಒಬ್ಬರಿಗೆ ಇನ್ನೊಬ್ಬರು ಬೇಕಾಗೋ ಹಾಗೆ ಕಲಿಸಿ" ಎಂದರು.

ನನಗೆ ಅರ್ಥವಾಗಲಿಲ್ಲ. ಏನು ಕಲಿಸುತ್ತೀರಿ ಅನ್ನುವುದು ಮುಖ್ಯ ಅಲ್ಲವಂತೆ! ನನಗೆ ಗೊತ್ತಿದ್ದದ್ದು ಅದೊಂದೇ.

ಮೊದಲ ವಾರ ಕಬ್ಬಿಣದ ಬೀರುವಿನ ಬೆನ್ನಿಗೆ ಕಪ್ಪು ಬಣ್ಣ ಬಳಿದು ಅದರ ಮೇಲೆ ಡ್ರಾಯಿಂಗ್ ಓದುವುದನ್ನು ಹೇಳಿಕೊಟ್ಟೆ. ಕನ್ನಡದಲ್ಲಿ ಹೇಳಿದರೆ ಆ ಕಡೆ ಒಬ್ಬ ಆಕಳಿಸುತ್ತಿದ್ದ, ನನ್ನ ಹರಕು ತಮಿಳು ಬಂದರೆ ಈ ಕಡೆ ಒಬ್ಬ ಕೆಮ್ಮುತ್ತಿದ್ದ. ಆಕಳಿಸಿದವನಿಗೆ ನನಗಿಂತ ಚೆನ್ನಾಗಿ ಕನ್ನಡ ಬರುತ್ತಿತ್ತು ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ನಾಗಸಂದ್ರದ ಟರ್ನರು ಗೇಟಿನ ಹತ್ತಿರ ಹಿಡಿದು ಕೇಳಿದ, "ಅಲ್ಲ ಗುರು, ಇವ್ರಿಗ್ಯಾಕ್ ನಮ್ ಕೆಲ್ಸ ಕಲಿಸ್ತಿದೀಯ? ನಾಳೆ ನಮ್ಮುನ್ನೇ ಎಬ್ಬಿಸ್ತವ್ರೆ." "ಮ್ಯಾನೇಜರ್ ಹೇಳವ್ರೆ, ಮಾಡ್ತಿದೀನಿ" ಎಂದೆ.

ಎರಡನೇ ವಾರ ಮೇಡಂ ಹೇಳಿದ್ದು ತಲೆಯಲ್ಲಿ ಕೊರೆಯುತ್ತಿತ್ತು. ಒಬ್ಬರಿಗೆ ಇನ್ನೊಬ್ಬರು ಬೇಕಾಗುವುದು ನಮ್ಮ ಕೆಲಸದಲ್ಲಿ ಒಂದೇ ಕಡೆ. ಪಿನ್ನು ಒಂಟಿಯಾಗಿ ಕಬ್ಬಿಣದ ಚೂರು, ಬುಷ್ಷೂ ಅಷ್ಟೇ. ಅದಕ್ಕೆ ಆರು ಜೋಡಿ ಮಾಡಿದೆ, ಜೋಡಿಗೆ ಒಬ್ಬ ಕನ್ನಡದವನು, ಒಬ್ಬ ತಮಿಳ. ಈತ ಪಿನ್ನು ತಿರುವಬೇಕು, ಆತ ಬುಷ್ಷು ಕೊರೆಯಬೇಕು, ಎರಡು ದಿನ ಬಿಟ್ಟು ಶೆಡ್ಡಿನಲ್ಲಿ ಎಲ್ಲರ ಮುಂದೆ ಕೂಡಿಸಬೇಕು. ಪಿನ್ನುಗಳನ್ನೆಲ್ಲ ನನ್ನ ಮೈಕ್ರೋಮೀಟರಿನಲ್ಲೇ ಅಳೆದು ಪಾಸು ಮಾಡಿದೆ.

ಮೊದಲ ಜೋಡಿ. ಎಣ್ಣೆ ಸವರಿ ಬಾಯಿಗಿಟ್ಟರು. ಟಕ್. ಎರಡನೆಯದು, ಟಕ್. ಆರೂ ಹಾಗೇ ಬಿದ್ದವು. ನಮ್ಮವರು ಶಿಳ್ಳೆ ಹಾಕಿದರು. "ನೋಡ್ದಾ, ತೂತು ಕೊರಿಯೋಕೆ ಬರಾಕಿಲ್ಲ ಅಂದಿರ್ಲಿಲ್ವಾ?"

ಪೆರಿಯವರು ಎದ್ದು ಒಂದು ಪಿನ್ನು ತೆಗೆದುಕೊಂಡು, ತಮ್ಮ ಶಿಫ್ಟಿನ ಹಳೆಯ ಮೈಕ್ರೋಮೀಟರು ಹಾಕಿ, ಬೆಳಕಿಗೆ ಹಿಡಿದು ನೋಡಿದರು.

"ಮೇಸ್ತ್ರಿ, ಇದು ಎರಡು ಗೀಟು ಕಮ್ಮಿ ತೋರಿಸ್ತದೆ. ನಿಮ್ಮದೊಂದು ಸಲ..."

ನಾನು ಮಾತು ಮುಗಿಸಲು ಬಿಡಲಿಲ್ಲ. "ನಿಮ್ಮ ತಪ್ಪು ಮುಚ್ಚೋಕೆ ನನ್ನ ಮೈಕ್ರೋಮೀಟ್ರಿಗೆ ಬರಬೇಡಿ. ಅದನ್ನ ಮುಟ್ಟೋ ಯೋಗ್ಯತೆ ಈ ಶೆಡ್ಡಲ್ಲಿ ಯಾರಿಗೂ ಇಲ್ಲ."

ನಮ್ಮವರು ಚಪ್ಪಾಳೆ ತಟ್ಟಿದರು. ಅವರು ಪಿನ್ನನ್ನು ಬಟ್ಟೆಯಿಂದ ಒರೆಸಿ, ಇದ್ದ ಜಾಗದಲ್ಲೇ ಇಟ್ಟು ಕೂತರು.

ಚಪ್ಪಾಳೆ ಕಿವಿಗೆ ಹಿತವಾಗಿಯೇ ಇತ್ತು. ಅವರಿಗೆ ಕೊರೆಯಲು ಬರುವುದಿಲ್ಲ ಎಂದು ಒಂದೇ ಸಲಕ್ಕೆ ತೋರಿಸಿಬಿಡೋಣ ಎಂದು ಕೆಲಸ ಅದಲುಬದಲು ಮಾಡಿದೆ. ಈ ಸಲ ಬುಷ್ಷು ನಮ್ಮವರದು, ಪಿನ್ನು ಅವರದು. ನಾಗಸಂದ್ರದ ಟರ್ನರು ಗೇಜು ಹಿಡಿದು ಅರ್ಧ ದಿನ ಕೊರೆದ. ಬುಷ್ಷುಗಳನ್ನು ನಾನೇ ನಿಂತು ಗೇಜು ಹಾಕಿದೆ, ಒಂದು ತುದಿ ಹೋಯಿತು, ಇನ್ನೊಂದು ಹೋಗಲಿಲ್ಲ, ಎಲ್ಲ ಸರಿ. ಅವರ ಪಿನ್ನುಗಳನ್ನು ನನ್ನ ಮೈಕ್ರೋಮೀಟರಿನಲ್ಲಿ ನೋಡಿದರೆ ದಪ್ಪ. ಎರಡು ಗೀಟು ಇಳಿಸಿ ಎಂದೆ. ಸರಿಯಾಗಿ ಎರಡು ಗೀಟು ಇಳಿಸಿದರು.

ಗುರುವಾರ ಕೂಡಿಸಿದೆವು. ಆರೂ ಪಿನ್ನು ಟಕ್ ಟಕ್ ಎಂದು ಬಿದ್ದವು.

ಈ ಸಲ ಯಾರೂ ಶಿಳ್ಳೆ ಹಾಕಲಿಲ್ಲ. ನಾಗಸಂದ್ರದ ಟರ್ನರು ತನ್ನ ಬುಷ್ಷನ್ನು ತಿರುಗಿಸಿ ತಿರುಗಿಸಿ ನೋಡಿದ. "ನಂದು ಸರ್ಯಾಗೈತೆ ಕಣಣ್ಣೋ, ನೀನೇ ಗೇಜ್ ಹಾಕ್ದಲ್ಲ" ಎಂದ. ಅವನ ಜೋಡಿಯಾದ ಡ್ರಿಲ್ಲಿಂಗಿನವನು, "ನಂದೂ ಸರಿಯಾಗಿತ್ತು, ಮೇಸ್ತ್ರಿನೇ ಇಳಿಸು ಅಂದ್ರು" ಎಂದ. ಇಬ್ಬರೂ ನನ್ನ ಮುಖ ನೋಡಿದರು. ಮೂರು ಹೊಡೆಯಿತು ಎಂದು ಕ್ಲಾಸು ಬಿಟ್ಟೆ. ಹೊಡೆಯಲು ಇನ್ನೂ ಹದಿನೈದು ನಿಮಿಷವಿತ್ತು.

ಅವತ್ತು ರಾಜಗೋಪಾಲನಗರದ ಮನೆಗೆ ನಡೆದುಕೊಂಡು ಹೋಗುವಾಗ ತಲೆ ಕಲಸಿದ ಮುದ್ದೆಯ ಹಾಗಾಗಿತ್ತು. ಅವರು ಕೊರೆದರೂ ಸಡಿಲ, ನಾವು ಕೊರೆದರೂ ಸಡಿಲ. ಅವರೂ ಸರಿ, ನಮ್ಮವರೂ ಸರಿ ಅಂದರೆ ತಪ್ಪು ಎಲ್ಲಿ ಕೂತಿದೆ? ಎರಡು ಸಲವೂ ಬದಲಾಗದೆ ಇದ್ದದ್ದು ಏನು ಎಂದು ಒಂದೊಂದೇ ಎಣಿಸಿದೆ. ಉಕ್ಕು ಬೇರೆ ಸರಳಿನದು. ಲೇತು ಬೇರೆ. ಕೈ ಬೇರೆ. ಗೇಜು ಒಂದೇ, ಆದರೆ ಅದು ಸವೆದಿದ್ದರೆ ತೂತು ಬಿಗಿಯಾಗಬೇಕಿತ್ತು, ಸಡಿಲವಲ್ಲ. ಕೊನೆಗೆ ಉಳಿದದ್ದು ನನ್ನ ಕಂಕುಳಲ್ಲಿದ್ದ ಪೆಟ್ಟಿಗೆ.

ಬೆಳಿಗ್ಗೆ ರಸ್ತೆಯಾಚೆಯ ಕಾರ್ಖಾನೆಯ ಟೂಲ್ ರೂಮಿನಿಂದ ಅಳತೆ ಕಡ್ಡಿ ಎರವಲು ತಂದೆ. ನೆಪ ಏನೋ ಹೇಳಿದೆ. ಶೆಡ್ಡಿನ ಮೂಲೆಯಲ್ಲಿ ಕೂತು ಕಡ್ಡಿಯನ್ನು ಮೈಕ್ರೋಮೀಟರಿನ ಎರಡು ಮುಖಗಳ ನಡುವೆ ಹಿಡಿದು ತಿರುವಿದೆ. ಸರಿಯಾಗಿ ಇಪ್ಪತ್ತೈದು ತೋರಿಸಬೇಕು. ಎರಡು ಗೀಟು ಜಾಸ್ತಿ. ಮತ್ತೆ ತಿರುವಿದೆ, ಎರಡು ಗೀಟು ಜಾಸ್ತಿ. ಇರುವುದಕ್ಕಿಂತ ದಪ್ಪ ತೋರಿಸುತ್ತಿದೆ ಎಂದರೆ ನಾನು ಪಾಸು ಮಾಡಿದ ಪಿನ್ನೆಲ್ಲ ಎರಡು ಗೀಟು ಸಣ್ಣ.

ಬೆಳಕಿಗೆ ಹಿಡಿದು ನೋಡಿದೆ. ಒಳಮುಖದ ಮೇಲೆ, ಉಕ್ಕಿನ ಬಣ್ಣಕ್ಕೇ ತಿರುಗಿದ ತೆಳ್ಳನೆಯ ಪೊರೆ. ಉಗುರಿಗೆ ತಾಕದಷ್ಟು. ಬಿಳಿ ಕಾಗದದಿಂದ ಅದರ ಒಂದು ಅಂಚನ್ನಷ್ಟೇ ಉಜ್ಜಿದೆ. ಕಾಗದದ ಮೇಲೆ ಕೆಂಪು ಗೆರೆ.

ಗಂಧ, ಕುಂಕುಮ. ಎಣ್ಣೆ ಕೈಯಲ್ಲಿ ಒರೆಸಿ ಬಿಟ್ಟದ್ದು ಒಣಗಿ ಗಟ್ಟಿ ಕೂತಿತ್ತು.

ಪೆರಿಯವರು ಪೂಜೆ ಮಾಡುತ್ತಿದ್ದ ವರ್ಷಗಳಲ್ಲಿ ಪೆಟ್ಟಿಗೆಯನ್ನು ತೆರೆಯುತ್ತಿರಲಿಲ್ಲ. ಉಂಗುರದ ಬೆರಳಿನಿಂದ ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟು ನನ್ನ ಕೈಗೆ ಕೊಡುತ್ತಿದ್ದರು. ಯಾಕೆ ಎಂದು ನಾನು ಕೇಳಿರಲಿಲ್ಲ, ಅವರ ಕಡೆಯ ಪದ್ಧತಿ ಇರಬೇಕು ಅಂದುಕೊಂಡಿದ್ದೆ. ಈ ಸಲ ನಮ್ಮದೇ ಪೂಜೆ, ಜೋರಾದ ಪೂಜೆ. ಪೆಟ್ಟಿಗೆ ತೆರೆದು, ಬಟ್ಟೆ ಬಿಚ್ಚಿ, ಹೊರಗೆ ಮೆರೆಸಿದವನು ನಾನೇ.

"ಏನ್ ಗುರು ನೋಡ್ತಿದೀಯ?" ಹಿಂದೆ ನಾಗಸಂದ್ರದ ಟರ್ನರು ನಿಂತಿದ್ದ. ಕಾಗದ, ಕಡ್ಡಿ, ಮೈಕ್ರೋಮೀಟರು ಮೂರನ್ನೂ ನೋಡಿದ. ಕೆಲಸ ಬಲ್ಲವನು, ಬಿಡಿಸಿ ಹೇಳಬೇಕಾಗಲಿಲ್ಲ. ಹತ್ತಿರ ಬಂದು ದನಿ ತಗ್ಗಿಸಿದ.

"ಒರೆಸ್ಬುಡು. ಇನ್ಮ್ಯಾಕೆ ಸರ್ಯಾಗ್ ಬತ್ತವೆ. ಯಾರ್ಗೂ ಗೊತ್ತಾಗಾಕಿಲ್ಲ."

"ನಾಳೆ ವಿಚಾರಣೆ ಐತಲ್ಲೋ."

"ಇದ್ರೆ ಇರ್ಲಿ. ಅವ್ನೊಬ್ಬ ಹೋದ್ರೆ ಹೋದ. ನೀನ್ ಬಾಯ್ ಬುಟ್ರೆ ನಮ್ಮೋರೆಲ್ಲಾ ತಲೆ ಎತ್ತಂಗಿಲ್ಲ. ಅವ್ರ ಮುಂದೆ, ಗುರು! ಅವ್ರ ಮುಂದೆ!"

ಅವನು ಹೇಳಿದ್ದು ನನಗೆ ಹೊಸದಲ್ಲ. ಅವನು ಬರುವ ಮೊದಲೇ ನಾನು ಕಾಗದವನ್ನು ಎರಡನೇ ಸಲ ಮಡಿಸಿ ಕೈಯಲ್ಲಿ ಹಿಡಿದಿದ್ದೆ, ಪೂರ್ತಿ ಉಜ್ಜಲು. ಉಜ್ಜಿದ್ದರೆ ಅರ್ಧ ನಿಮಿಷದ ಕೆಲಸ. ಯಾಕೆ ಉಜ್ಜಲಿಲ್ಲ ಎಂದು ಕೇಳಿದರೆ ನನ್ನಲ್ಲಿ ದೊಡ್ಡ ಉತ್ತರವಿಲ್ಲ. ನ್ಯಾಯ, ಶಾಂತಿ ಯಾವುದೂ ಆಗ ತಲೆಗೆ ಬರಲಿಲ್ಲ. ಬಂದದ್ದು ಇಷ್ಟೇ. ಎಲ್ಲರ ಮುಂದೆ ಆ ಮನುಷ್ಯ ಎರಡು ಗೀಟು ಎಂದು ಹೇಳಿದ್ದರು, ಅದು ಎರಡೇ ಗೀಟು ಆಗಿತ್ತು. ಬಂದ ಅಳತೆಯನ್ನು ಬಂದಿಲ್ಲ ಎನ್ನುವುದು ಇಪ್ಪತ್ತು ವರ್ಷದಲ್ಲಿ ನಾನು ಮಾಡದಿದ್ದ ಕೆಲಸ. ಪೊರೆಯನ್ನು ಹಾಗೇ ಬಿಟ್ಟು ಪೆಟ್ಟಿಗೆ ಮುಚ್ಚಿದೆ.

ಎರಡು ಗಂಟೆಗೆ ಮ್ಯಾನೇಜರನ್ನೂ ಶೆಡ್ಡಿಗೆ ಕರೆದೆ. ಅಳತೆ ಕಡ್ಡಿಯನ್ನು ಕೈಯಿಂದ ಕೈಗೆ ದಾಟಿಸಿ, ಅದರ ಮೇಲೆ ಕೊರೆದಿದ್ದ ಇಪ್ಪತ್ತೈದು ಎಂಬ ಅಂಕಿಯನ್ನು ಎಲ್ಲರೂ ನೋಡುವಂತೆ ಮಾಡಿದೆ. ಆಮೇಲೆ ಪೆಟ್ಟಿಗೆ ತೆರೆದು ನನ್ನ ಮೈಕ್ರೋಮೀಟರನ್ನು ಮೊದಲ ಪೆಟ್ಟಿಗೆಯ ಮೇಲೆ ಕೂತವನ ಕೈಗೆ ಕೊಟ್ಟೆ. ಅವನು ಹಾವು ಮುಟ್ಟಿದ ಹಾಗೆ ಕೈ ಎಳೆದುಕೊಂಡ.

"ಹಿಡ್ಕೊಳ್ಳೋ. ಈ ಕಡ್ಡೀನ ಅಳೆದು, ಎಷ್ಟು ಬರುತ್ತೋ ಬೋರ್ಡ್ ಮೇಲೆ ಬರಿ. ಪಕ್ಕದವನ್ನ ಕೇಳಬೇಡ."

ಒಬ್ಬೊಬ್ಬರಾಗಿ ಎದ್ದರು. ಒಬ್ಬ ಈ ಕಡೆಯವನು, ಒಬ್ಬ ಆ ಕಡೆಯವನು. ಅಳೆದು, ಸೀಮೆಸುಣ್ಣ ಹಿಡಿದು ಬರೆದರು. ಎರಡು ಗೀಟು ಜಾಸ್ತಿ. ಎರಡು ಜಾಸ್ತಿ. ಒಬ್ಬ ತಾನು ತಪ್ಪು ಓದಿದೆನೇನೋ ಎಂದು ಮೂರು ಸಲ ತಿರುವಿ, ಅದನ್ನೇ ಬರೆದ. ನಾಗಸಂದ್ರದ ಟರ್ನರನ ಸರದಿ ಬಂತು. ಅವನು ನನ್ನ ಕಡೆ ನೋಡದೆ ಅಳೆದು, ಎರಡು ಎಂದು ಸೀಮೆಸುಣ್ಣ ಮುರಿಯುವ ಹಾಗೆ ಒತ್ತಿ ಬರೆದು, ಕೂರದೆ ಹೊರಗೆ ಹೋದ. ಹನ್ನೊಂದು ಜನರದ್ದೂ ಒಂದೇ ಅಂಕಿ. ಉಳಿದವರು ಪೆರಿಯವರು.

ಅವರು ಏಳಲಿಲ್ಲ. "ನಾನು ಅವತ್ತೇ ಹೇಳಿದೆ ಮೇಸ್ತ್ರಿ. ಎರಡನೇ ಸಲ ಯಾಕೆ?"

ನಾನೇ ಅವರ ಹತ್ತಿರ ಹೋಗಿ ಬಿಳಿ ಕಾಗದ ಕೊಟ್ಟೆ. "ಪೆರಿಯವರೇ, ಇದನ್ನ ನಡುವೆ ಇಟ್ಟು ಎಳೀರಿ." ತಿಂಗಳುಗಳ ಮೇಲೆ ಆ ಹೆಸರು ನನ್ನ ಬಾಯಿಗೆ ಬಂದದ್ದು. ಅವರು ಎಳೆದರು. ಕಾಗದ ಕೆಂಪಾಗಿ ಬಂತು. ಮೂಗಿನ ಹತ್ತಿರ ಹಿಡಿದು ಮೂಸಿ, "ಗಂಧ" ಎಂದರು.

ನಮ್ಮ ಕಡೆಯ ಒಬ್ಬ, "ದೇವ್ರಿಗೆ ಅಂತ ಇಟ್ಟಿದ್ದಲ್ವಾ ಸಾರ್, ಯಾರ ತಪ್ಪೂ ಅಲ್ಲ ಬಿಡಿ" ಎಂದ ಮ್ಯಾನೇಜರಿಗೆ.

"ದೇವರು ಪಿನ್ನು ಪಾಸು ಮಾಡ್ಲಿಲ್ಲ. ನಾನು ಮಾಡ್ದೆ" ಎಂದೆ.

ಮಾರನೇ ದಿನದ ವಿಚಾರಣೆ ನಡೆಯಲಿಲ್ಲ, ಚಾರ್ಜ್‌ಶೀಟು ವಾಪಸ್ಸಾಯಿತು. ವಾರದೊಳಗೆ ನನಗೊಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ಎಚ್ಚರಿಕೆಯ ಕಾಗದ ಎಂದಷ್ಟು ಗೊತ್ತು. ನಮ್ಮವರಲ್ಲಿ ಇಂಗ್ಲಿಷು ಬರುವವರಿದ್ದರು, ಆದರೆ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಬೋರಿಂಗ್ ಮೆಷಿನ್ನಿನ ಹತ್ತಿರ ಹೋಗಿ ಪೆರಿಯವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದೇ ಸಾಲು ಕನ್ನಡ ಮಾಡಿ ಓದಿ ಹೇಳಿದರು. ನಡುವೆ ಒಂದು ಕಡೆ ಬೆರಳು ನಿಂತು, ಒಂದು ಸಾಲು ಹಾರಿ, ಮುಂದಿನದಕ್ಕೆ ಹೋಯಿತು. ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಆ ಸಾಲಿನಲ್ಲಿ ಏನಿತ್ತು ಎಂದು ನಾನು ಯಾರನ್ನೂ ಕೇಳಿಲ್ಲ. ಕಾಗದ ಇನ್ನೂ ನನ್ನ ಹತ್ತಿರವಿದೆ.

ಕ್ಲಾಸು ಇನ್ನೂ ಆರು ತಿಂಗಳು ನಡೆಯಿತು. ಪೆಟ್ಟಿಗೆಗಳ ನಡುವಿನ ಜಾಗ ಹಾಗೇ ಇತ್ತು, ಒಮ್ಮೊಮ್ಮೆ ಕಡಿಮೆಯಾದ ಹಾಗೆ ಕಾಣುತ್ತಿತ್ತು, ಮಾರನೇ ದಿನ ಇಲ್ಲ. ನಾಗಸಂದ್ರದ ಟರ್ನರು ನನ್ನ ಜೊತೆ ಮಾತಾಡದೆ ಕ್ಲಾಸಿಗೆ ಮಾತ್ರ ಬರುತ್ತಿದ್ದ. ತನ್ನ ಪಿನ್ನನ್ನು ಡ್ರಿಲ್ಲಿಂಗಿನವನ ಬುಷ್ಷಿಗೆ ಬಿಟ್ಟು ಬೇರೆಯವರದಕ್ಕೆ ಹಾಕಲು ಒಪ್ಪುತ್ತಿರಲಿಲ್ಲ. ಬಾವಿಗೆ ಬೀಗ ಇನ್ನೂ ಇದೆ ಎಂದು ಡ್ರಿಲ್ಲಿಂಗಿನವನೇ ಹೇಳಿದ. ಮೇಡಂ ಒಂದು ಸಲ ಬಂದು, ಏನಾದರೂ ಬದಲಾವಣೆ ಕಂಡಿರಾ ಎಂದು ಕೇಳಿದರು. ಪಿನ್ನು ಸರಿಯಾಗಿ ಇಳಿಯುತ್ತಿದೆ ಮೇಡಂ ಎಂದೆ.

ಮುಂದಿನ ಆಯುಧಪೂಜೆಯೂ ಎರಡೇ ಆಯಿತು. ಅತ್ತ ಒಂದು ಬೂದುಗುಂಬಳ, ಇತ್ತ ಒಂದು. ನಾನು ಪೆಟ್ಟಿಗೆಯನ್ನು ತೆರೆಯದೆ ಲೇತಿನ ಮೇಲಿಟ್ಟು ನಿಂತಿದ್ದೆ. ನಮ್ಮವರ ಮಂಗಳಾರತಿ ಇನ್ನೂ ಆಗಿರಲಿಲ್ಲ. ಆ ಕಡೆಯಿಂದ ಪೆರಿಯವರು ನಡೆದು ಬಂದರು. ನಮ್ಮವರು ದಾರಿ ಬಿಟ್ಟರು, ಬೇಕೆಂದೋ ಬೇಡವೆಂದೋ ಹೇಳಲಾರೆ. ಅವರು ಉಂಗುರದ ಬೆರಳಿನಿಂದ ಮುಚ್ಚಳದ ಮೇಲೆ ಒಂದು ಬೊಟ್ಟು ಇಟ್ಟು, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, ತಮ್ಮ ಪೂಜೆಗೆ ವಾಪಸು ಹೋದರು.